ತೂಣಗೆಣಸು: ಕೈ ತುರಸದಂಗ ಹೆಚ್ಚೂದು, ಮುದ್ದಿ ಆಗದಂಗ ಕುದಿಸೂದು

ನಮ್ಮ ಹುಬ್ಬಳ್ಳಿ-ಧಾರವಾಡದ ಕಡೆ ಗೆಣಸು ಅಂದ್ರ ಶಿವರಾತ್ರಿಗೆ ಕುದಿಸಿ ತಿನ್ನೂ ಸಿಹಿಗೆಣಸು. ತೂಣಗೆಣಸು ಬ್ಯಾರೆ, ಬಳ್ಳಿ ಬುಡಕ್ಕ ಮಣ್ಣಾಗ ಬೆಳೆಯೂ ದೊಡ್ಡ ಗಡ್ಡಿ, ಹೆಗ್ಗೆಣಸು ಅಂತನೂ ಕರೀತಾರ. ಸಿಪ್ಪಿ ಒರಟು, ಒಳಗ ಬಿಳಿ ಇರತೈತಿ, ಇಲ್ಲಾಂದ್ರ ನೇರಳೆ. ತಗೊಳ್ಳುವಾಗ ಒತ್ತಿ ನೋಡ್ರಿ, ಒಂದು ಕಡೆ ಮೆತ್ತಗಾಗಿದ್ರ ಬ್ಯಾಡ, ಕೊಳೆ ಒಳಗ ದೂರ ಹೋಗಿರತೈತಿ.

ಎಲ್ಲಾರೂ ಹೆದರೂದು ತುರಿಕಿಗೆ. ಸಿಪ್ಪಿ ಕೆಳಗಿನ ಲೋಳಿಯೊಳಗ ಸೂಜಿಯಂಥ ಸಣ್ಣ ಹರಳು ಇರತಾವ, ಕ್ಯಾಲ್ಸಿಯಂ ಆಕ್ಸಲೇಟ್ ಅಂತಾರ, ಅವು ಚರ್ಮಕ್ಕ ಚುಚ್ಚತಾವ. ಗಡ್ಡಿ ತೊಳೆದು ಪೂರ್ತಿ ಒಣಗಿಸ್ರಿ. ಒಣ ಕೈಗೆ ಕೊಬ್ಬರಿ ಎಣ್ಣಿ ಹಚ್ಚಿಕೊಂಡು ಕೂಡ್ರಿ, ಈಳಿಗಿಗೂ ಒಂದೀಟು ಸವರಿ. ಪೀಲರ್‌ಲೆ ತೆಳ್ಳಗ ಹೆರದ್ರ ಲೋಳಿ ಪದರ ಹಂಗ ಉಳೀತೈತಿ. ಸಿಪ್ಪಿ ದಪ್ಪ ತೆಗೀಬೇಕು, ಜಿಪುಣತನ ಇಲ್ಲಿ ನಡಿಯೂದಿಲ್ಲ. ಆದರೂ ತುರಿಸಿದ್ರ ಹುಣಸಿಹಣ್ಣು ತಿಕ್ಕಿ ತೊಳಕೊಳ್ರಿ.

ಹೆಚ್ಚಿದ ಹೋಳು ಗಾಳಿಗೆ ಬಿಟ್ರ ಕಪ್ಪಾಗತಾವ. ಅರ್ಧ ಕಿಲೊ ಗಡ್ಡಿಗೆ ಒಂದು ಲೀಟರ್ ನೀರು, ನಿಂಬಿಕಾಯಿಯಷ್ಟು ಹುಣಸಿಹಣ್ಣು, ಒಂದು ಚಮಚೆ ಉಪ್ಪು ಕಲಸಿಟ್ಟು, ಹೆಚ್ಚಿದಂಗೆಲ್ಲಾ ಅದರಾಗ ಹಾಕ್ರಿ. ಹತ್ತು ನಿಮಿಷದ ಮ್ಯಾಲೆ ಆ ನೀರು ಚೆಲ್ಲಿ, ಹೊಸ ನೀರಿಗೆ ಅರಿಷಿಣ, ಉಪ್ಪು ಹಾಕಿ ಮುಚ್ಚಳ ತೆಗೆದು 12-15 ನಿಮಿಷ ಕುದಿಸ್ರಿ. ಕುಕ್ಕರ್‌ನ್ಯಾಗ ಇಟ್ರ ಮುದ್ದಿ ಆಗತೈತಿ, ಪಲ್ಯಾಕ್ಕ ಬರೂದಿಲ್ಲ. ನೀರು ಬಸಿದು, ಆರಿದ ಮ್ಯಾಲೆ ಒಗ್ಗರಣಿಗೆ ಹಾಕ್ರಿ: ಸಾಸಿವಿ, ಕರಿಬೇವು, ಜಜ್ಜಿದ ಬಳ್ಳೊಳ್ಳಿ, ಕೆಂಪಖಾರ. ಇಳಿಸುವಾಗ ಎರಡು ಚಮಚೆ ಗುರೆಳ್ಳ ಪುಡಿ. ಬಿಸಿ ಜ್ವಾಳದ ರೊಟ್ಟಿಗೆ ಇದರ ಮುಂದ ಬದನಿಕಾಯಿನೂ ಸೋಲತೈತಿ. ಹಸಿ ಗಡ್ಡಿ ಮಾತ್ರ ಬಾಯಿಗೆ ಹಾಕಬ್ಯಾಡ್ರಿ. ಬೆಂದ ಮ್ಯಾಲೂ ಕಹಿ ಬಂದ್ರ ಚೆಲ್ರಿ. ಅಡವಿ ಗೆಣಸಿನ್ಯಾಗ ವಿಷದ ಜಾತಿನೂ ಅದಾವ.

ಹಸಿ ಗಡ್ಡಿ ಫ್ರಿಜ್‌ನ್ಯಾಗ ಇಡಬಾರದು, ಥಂಡಿಗೆ ಒಳಗ ಕಪ್ಪಾಗಿ ಕೊಳೀತೈತಿ. ನೆರಳು, ಗಾಳಿ ಸಾಕು. ಅರ್ಧ ಕೊಯ್ದಿದ್ರ ಕೊಯ್ದ ಬಾಯಿಗೆ ಒಲಿ ಬೂದಿ ಒತ್ತಿಡ್ರಿ.

ಹಿತ್ತಲದಾಗ ಹಾಕೋರು ಸಿಪ್ಪಿ ಸಮೇತ 200-250 ಗ್ರಾಂ ಹೋಳು ಮಾಡಿ, ಬೂದಿ ಹಚ್ಚಿ, ಮಳಿ ಮುಂಚೆ ಮೇ ತಿಂಗಳಾಗ ಊರಿ. ಗದಗಿನಂಥ ಎರಿ ಮಣ್ಣಿನ್ಯಾಗ ನೀರು ನಿಂತು ಕೊಳೀತೈತಿ, ಅದಕ್ಕ ಉಸುಕು, ತಿಪ್ಪಿಗೊಬ್ಬರ ಬೆರೆಸಿ ದಿಬ್ಬ ಏರಿಸ್ರಿ. ಹಾನಗಲ್ಲ ಕಡೆ ಕೆಂಪು ಮಣ್ಣಿಗೆ ಇಷ್ಟು ತ್ರಾಸಿಲ್ಲ. ಮೊಳಕಿ ಬಂದ ಕೂಡಲೇ ಬಳ್ಳಿಗೆ ಗಳ ಕೊಡ್ರಿ. ಒಂಬತ್ತು-ಹತ್ತು ತಿಂಗಳಿಗೆ ಎಲಿ ಒಣಗಿದಾಗ ಬುಡದಿಂದ ದೂರ ಬಿಟ್ಟು ಅಗೀರಿ. ಗುದ್ದಲಿ ತಾಗಿದ ಗಡ್ಡಿ ಬಾಳಿಕಿ ಬರೂದಿಲ್ಲ, ಅದನ್ನ ಮೊದಲ ಅಡಗಿಗೆ ತೆಗೀರಿ.