ಬಂಡೆ ಒಡೆಯದೆ ಮನೆ ಕಟ್ಟುವುದು ಹೇಗೆ?

ಆಂಧ್ರದ ಅನಂತಪುರ ಜಿಲ್ಲೆಯ ರಾಯದುರ್ಗ, ಬೊಮ್ಮನಹಾಳ್ ಕಡೆ ಜಾಗ ತಗೊಂಡವರಲ್ಲಿ ತುಂಬಾ ಜನ ಬಂಡೆ ತೆಗೆಸಲು ಮೊದಲು ಜೆಸಿಬಿ ಕರೆಸುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಈ ಜಿಲ್ಲೆಗೆ ವರ್ಷಕ್ಕೆ ಬೀಳುವ ಮಳೆ ಸುಮಾರು 550 ಮಿ.ಮೀ. ಅಷ್ಟೇ. ಕಣೇಕಲ್ಲು, ಬೊಮ್ಮನಹಾಳ್ ಸುತ್ತ ಹಗರಿ ಹೊಳೆಯ ಮರಳು ಗಾಳಿಗೆ ಹಾರಿ ಬಂದು ದಿಬ್ಬ ಕಟ್ಟುತ್ತದೆ. ಇಂಥ ನೆಲದಲ್ಲಿ ಬಂಡೆ ಕೊಡುವ ನೆರಳೂ ಬೇಕು, ಅದು ತಡೆಯುವ ಗಾಳಿಯೂ ಬೇಕು.

ಪ್ಲಾನ್ ಹಾಕಿಸುವ ಮುಂಚೆ ಆ ಜಾಗದಲ್ಲಿ ಒಂದು ಬೇಸಿಗೆ, ಒಂದು ಆಷಾಢ ನೋಡಿ. ಮಳೆ ನೀರು ಎಲ್ಲಿ ಹರಿಯುತ್ತದೆ, ಮರಳು ಎಲ್ಲಿ ಬಂದು ಕೂರುತ್ತದೆ, ಸಂಜೆ ಯಾವ ಬಂಡೆ ಕಾವು ಬಿಡುತ್ತದೆ ಅನ್ನುವುದನ್ನು ಗುರುತು ಹಾಕಿಕೊಳ್ಳಿ. ಮಲಗುವ ಕೋಣೆ ಆ ಕಾವಿನ ಬಂಡೆಯಿಂದ ದೂರ ಇರಲಿ. ಒಂದರ ಮೇಲೊಂದು ನಿಂತ ಗುಂಡುಗಳ ಕೆಳಗಂತೂ ಮನೆ ಬೇಡವೇ ಬೇಡ.

ಆಮೇಲೆ ದಿಕ್ಕು. ಮನೆ ಪೂರ್ವ–ಪಶ್ಚಿಮವಾಗಿ ಉದ್ದ ಇರಲಿ, ಪಡುವಣ ಗೋಡೆಗೆ ಕಿಟಕಿ ಆದಷ್ಟು ಕಡಿಮೆ. ಮಧ್ಯಾಹ್ನದ ಬಿಸಿಲು, ಆಷಾಢದ ಗಾಳಿ ಎರಡೂ ಹೊಡೆಯುವುದು ಆ ಕಡೆಯಿಂದಲೇ ಅಲ್ವಾ? ಉತ್ತರಕ್ಕೆ ಸಜ್ಜಾ ಬೇಡ ಅಂತ ಕೆಲವರು ಬಿಡುತ್ತಾರೆ. ಆದರೆ ನಮ್ಮಲ್ಲಿ ಮೇ ಶುರುವಿನಿಂದ ಆಗಸ್ಟ್ ಎರಡನೇ ವಾರದ ತನಕ ನಡುಮಧ್ಯಾಹ್ನದ ಸೂರ್ಯ ನೆತ್ತಿಯಿಂದ ಸ್ವಲ್ಪ ಉತ್ತರಕ್ಕೇ ಇರುತ್ತಾನೆ, ಹಾಗಾಗಿ ಅಲ್ಲಿಗೂ ಸಜ್ಜಾ ಬೇಕು.

ನೆಲ ಇಳಿಜಾರಿದ್ದರೆ ಮಟ್ಟ ಮಾಡಿಸಬೇಡಿ. ಹಾಲ್ ಮೇಲೆ, ಅಡುಗೆಮನೆ ಎರಡು ಮೆಟ್ಟಿಲು ಕೆಳಗೆ, ಹೀಗೆ ನೆಲ ಹೇಳಿದ ಹಾಗೆ ಕಟ್ಟಿ. ಒಂದೇ ಅಂತಸ್ತು ಸಾಕು. ಬೆಟ್ಟಕ್ಕಿಂತ ಮನೆಯೇ ಎದ್ದು ಕಂಡರೆ ಇಷ್ಟೆಲ್ಲ ಕಷ್ಟಪಟ್ಟು ಏನು ಬಂತು?

ಗೋಡೆಗೆ ಅಲ್ಲೇ ಸಿಗುವ ಕಲ್ಲು, ಒಂದೂವರೆ ಅಡಿ ದಪ್ಪ. ಹಗಲಿನ ಬಿಸಿ ಒಳಗೆ ಬರುವುದರೊಳಗೆ ಸಂಜೆಯಾಗಿರುತ್ತದೆ. ಆ ಕಾವು ರಾತ್ರಿ ಹೊರಹೋಗಲು ಎದುರುಬದುರು ಕಿಟಕಿ, ಮೇಲೆ ಗವಾಕ್ಷಿ ಬೇಕೇ ಬೇಕು. ಕಲ್ಲಿನ ಕೆಲಸ ದುಬಾರಿ ಅನ್ನಿಸಿದರೆ ಮರಳು ಮಿಶ್ರಿತ ಕೆಂಪು ಮಣ್ಣಿಗೆ 5ರಿಂದ 8 ಶೇಕಡಾ ಸಿಮೆಂಟ್ ಹಾಕಿ ಒತ್ತಿದ ಮಣ್ಣಿನ ಇಟ್ಟಿಗೆ ಬಳಸಿ. ಎರೆಮಣ್ಣು ಇದಕ್ಕೆ ಆಗುವುದಿಲ್ಲ. ಹೊರಗೆ ಮಿಂಚುವ ಪೇಂಟ್ ಬೇಡ, ಕಲ್ಲಿನ ಬಣ್ಣ ಹಾಗೇ ಇರಲಿ. ನೆಲಕ್ಕೆ ತಾಡಿಪತ್ರಿ ಊರಿನ ಚಪ್ಪಡಿ ಕಲ್ಲು, ಕಾಲಿಗೆ ತಂಪು.

ನಮ್ಮ ಹಿರಿಯರ ಮಾಳಿಗೆ (ಮಟ್ಟಸ ಸೂರಿನ) ಮನೆಗಳಲ್ಲಿ ಚೌಳು ಮಣ್ಣು ಹರಡಿ ಸೂರು ತಂಪಾಗಿಡುತ್ತಿದ್ದರು. ಅದನ್ನು ವರ್ಷ ವರ್ಷ ನೋಡಿಕೊಳ್ಳಬೇಕು, ಆಗದಿದ್ದರೆ ಆರ್‌ಸಿಸಿ ಮೇಲೆ ಬಿಳಿ ಸುಣ್ಣ ಬಳಿಯಿರಿ. ಕಲ್ಲಿನ ಪ್ಯಾರಾಪೆಟ್ ಸ್ವಲ್ಪ ಎತ್ತರ ಕಟ್ಟಿದರೆ ಆ ಬಿಳುಪು ದಾರಿಯಿಂದ ಕಾಣಿಸುವುದಿಲ್ಲ, ಬೇಸಿಗೆ ರಾತ್ರಿ ಮಾಳಿಗೆ ಮೇಲೆ ಮಲಗುವವರಿಗೂ ಆ ಪ್ಯಾರಾಪೆಟ್ ಮರೆಯಾಗುತ್ತದೆ.

ಸಾವಿರ ಚದರಡಿ ಮಾಳಿಗೆಯಿಂದ ಒಳ್ಳೆಯ ವರ್ಷದಲ್ಲಿ ಸುಮಾರು 40,000 ಲೀಟರ್ ನೀರು ಹಿಡಿಯಬಹುದು. ತಳಪಾಯ ತೆಗೆಯುವಾಗಲೇ ಸಂಪಿಗೂ ಗುಂಡಿ ತೋಡಿಸಿ.

ಅಂಗಳಕ್ಕೆ ಲಾನ್ ಬೇಡ. ಪಡುವಣಕ್ಕೆ ಬೇವು, ಹೊಂಗೆ, ಬಂಡೆ ಸಂದಿಗೆ ಸೀತಾಫಲ, ತಂಗಡಿ, ಬಂದರಿಕೆ, ಬೇಲಿಗೆ ಕತ್ತಾಳೆ. ಸುಮ್ನೆ ಬಿಟ್ಟರೆ ಬಳ್ಳಾರಿ ಜಾಲಿ ಎಲ್ಲವನ್ನೂ ನುಂಗುತ್ತದೆ, ಸಸಿ ಇದ್ದಾಗಲೇ ಬೇರು ಸಮೇತ ಕೀಳಿ. ಗಿಡ ನೆಡುವುದು ಮೊದಲ ಹದ ಮಳೆ ಬಿದ್ದ ಮೇಲೆ. ಎರಡು ಬೇಸಿಗೆ ಕೈಯಿಂದ ನೀರು ಹಾಕಿ, ಆಡು ಮೇಯದ ಹಾಗೆ ಸುತ್ತ ಮುಳ್ಳು ಕಟ್ಟಿ.