ಗೊಂಬೆ ಬೆಟ್ಟಕ್ಕೆ ಮಂಜು: ಬತ್ತಿ, ತಂತಿ, ಗಾಳಿ ಹೊಂದಿಸಿದ ಬಗೆ

ನವರಾತ್ರಿಯ ಗೊಂಬೆಗಳ ಮುಂದೆ ರಾಗಿ ಪೈರು ಬೆಳೆಸಿ, ಚಾಮುಂಡಿ ಬೆಟ್ಟ ಕಟ್ಟಿ, ಅದರ ಮೇಲೆ ಮಂಜು ಬೇಕೆಂದಾಗ ಮೈಸೂರಿನ ಮನೆಗಳಲ್ಲಿ ಸಾಮಾನ್ಯವಾಗಿ ಹತ್ತಿ ಹರಡುತ್ತಾರೆ, ಇಲ್ಲವೇ ಬೆಟ್ಟದ ಹಿಂದೆ ಊದುಬತ್ತಿ ಸಿಕ್ಕಿಸುತ್ತಾರೆ. ಹತ್ತಿ ಇಟ್ಟಲ್ಲೇ ಇರುತ್ತದೆ. ಊದುಬತ್ತಿ ಹೊಗೆ ನೆಟ್ಟಗೆ ಮೇಲೆ ಹೋಗುತ್ತದೆ, ಜತೆಗೆ ಕಾಗದ, ರೇಷ್ಮೆ, ಒಣಹುಲ್ಲಿನ ನಡುವೆ ಕಿಡಿಯ ಭಯ. ನೀರನ್ನು ಕಂಪಿಸಿ ತುಂತುರು ಮಾಡುವ ಅಲ್ಟ್ರಾಸಾನಿಕ್ ಬಿಲ್ಲೆಯನ್ನೂ ಹಾಕಿ ನೋಡಬಹುದು, ಆದರೆ ಅದು ಸುತ್ತಲಿನದನ್ನು ತೇವ ಮಾಡುತ್ತದೆ. ಬೋರ್‌ವೆಲ್ ನೀರು ಹಾಕಿದರೆ ಗೊಂಬೆಗಳ ಮೇಲೆ ಬಿಳಿ ಪುಡಿ ಕೂರುತ್ತದೆ.

ನಾನು ಮಾಡಿಕೊಂಡಿರುವುದು ಗ್ಲಿಸರಿನ್ ಮಂಜಿನ ಪುಟ್ಟ ಟ್ಯಾಂಕು. ಒಂದು ಗಾಜಿನ ಬಾಟಲಿ, ಅದರೊಳಗೆ ಹತ್ತಿಯ ಬತ್ತಿ, ಬತ್ತಿಯ ಸುತ್ತ ಬಿಸಿಯಾಗುವ ತಂತಿ, ಕೆಳಗಿನಿಂದ ಬರುವ, ಹೆಚ್ಚು ಕಡಿಮೆ ಮಾಡಬಹುದಾದ ಗಾಳಿ. ಬತ್ತಿ ಹೀರಿದ ಗ್ಲಿಸರಿನ್ ದ್ರವವನ್ನು ತಂತಿ ಬಿಸಿ ಮಾಡಿ ಮಂಜಾಗಿಸುತ್ತದೆ, ಗಾಳಿ ಅದನ್ನು ಹೊರಗೆ ತಳ್ಳುತ್ತದೆ. ಬತ್ತಿ, ತಂತಿ ಎರಡನ್ನೂ ಬಿಚ್ಚಿ ಹೊಸದಾಗಿ ಕಟ್ಟಬಹುದು. ಇ-ಸಿಗರೇಟಿನ ಮರುಕಟ್ಟುವ ಟ್ಯಾಂಕಿನದೂ ಇದೇ ತತ್ತ್ವ. ನಮ್ಮಲ್ಲಿ 2019ರ ಕಾಯಿದೆ ಇ-ಸಿಗರೇಟಿನ ತಯಾರಿಕೆ, ಆಮದು, ಮಾರಾಟ, ದಾಸ್ತಾನು ಎಲ್ಲವನ್ನೂ ನಿಷೇಧಿಸಿದೆ. ಹಾಗಾಗಿ ಅದರ ಬಿಡಿಭಾಗಗಳ ಗೊಡವೆಗೆ ಹೋಗದೆ ಹಾರ್ಡ್‌ವೇರ್ ಅಂಗಡಿ, ಔಷಧಿ ಅಂಗಡಿ, ಮೀನಿನ ಅಂಗಡಿಗಳಲ್ಲಿ ಸಿಗುವುದರಿಂದಲೇ ಇದನ್ನು ಕಟ್ಟಿದೆ. ಈ ಮಂಜು ಕಣ್ಣಿಗೆ ಮಾತ್ರ. ಬಾಯಿಟ್ಟು ಎಳೆಯುವುದಕ್ಕಲ್ಲ. ಹಿತ್ತಾಳೆ, ಅಂಟು, ಮೂಗಿನ ಹತ್ತಿರಕ್ಕೂ ತರಬಾರದ ಎಷ್ಟೋ ಸಾಮಾನು ಇದರಲ್ಲಿವೆ.

ಮೊದಲು ತಂತಿ. ಅಂಗಡಿಯಲ್ಲಿ ‘ಹೀಟರ್ ಕಾಯಿಲ್’ ಅಂದರೆ ಸ್ಪ್ರಿಂಗಿನಂತೆ ಸುತ್ತಿದ ದಪ್ಪ ಸುರುಳಿ ಕೊಡುತ್ತಾರೆ. ಅದು ಬೇಡ. ಸುತ್ತದೆ ಇರುವ ನೈಕ್ರೋಮ್ ತಂತಿ, 30 ಗೇಜು ಎಂದು ಕೇಳಿ. ಅದರ ದಪ್ಪ 0.315 ಮಿಮೀ, ಮೀಟರಿಗೆ ಸುಮಾರು 14 ಓಮ್ ರೋಧ. 3 ಮಿಮೀ ಡ್ರಿಲ್ ಬಿಟ್ಟಿನ ನುಣುಪಾದ ಹಿಡಿಯ ಭಾಗಕ್ಕೆ 15 ಸುತ್ತು ಸುತ್ತುತ್ತೇನೆ. ಒಂದು ಸುತ್ತಿಗೆ 10.4 ಮಿಮೀ ತಂತಿ ಹೋಗುತ್ತದೆ, ಹದಿನೈದಕ್ಕೆ ಸುಮಾರು 156 ಮಿಮೀ, ಅಂದರೆ 2.2 ಓಮ್. ಎರಡೂ ತುದಿಯಲ್ಲಿ ನಾಲ್ಕು ನಾಲ್ಕು ಸೆಂಟಿಮೀಟರ್ ಬಿಟ್ಟು, ಅದನ್ನು ಮಡಚಿ ಜೋಡಿ ಎಳೆಯಾಗಿ ಹೊಸೆಯಬೇಕು. ಒಂಟಿ ಎಳೆಯಾಗಿಯೇ ಬಿಟ್ಟರೆ ಬತ್ತಿಯ ತಂಪಿಲ್ಲದ ಆ ಕಾಲುಗಳೇ ಮೊದಲು ಕೆಂಪಾಗುತ್ತವೆ, ಸ್ಕ್ರೂ ಹತ್ತಿರ ಸುಟ್ಟು ತುಂಡಾಗುತ್ತವೆ. ಜೋಡಿ ಎಳೆಯಲ್ಲಿ ರೋಧ ಅರ್ಧಕ್ಕಿಳಿಯುವುದರಿಂದ ಬಿಸಿ ಸುರುಳಿಯಲ್ಲೇ ಉಳಿಯುತ್ತದೆ. ಒಟ್ಟು ಸುಮಾರು 2.5 ಓಮ್ ಬರುತ್ತದೆ. 5 ವೋಲ್ಟಿಗೆ 2 ಆಂಪಿಯರ್, 10 ವ್ಯಾಟ್.

ಮಲ್ಟಿಮೀಟರಿನಲ್ಲಿ ಅಳೆಯುವಾಗ ಮೊದಲು ಎರಡು ಮುಳ್ಳುಗಳನ್ನು ಒಂದಕ್ಕೊಂದು ತಾಗಿಸಿ ನೋಡಿ. ಅಗ್ಗದ ಮೀಟರಿನ ವೈರೇ 0.2, 0.3 ಓಮ್ ತೋರಿಸುತ್ತದೆ. ಅದನ್ನು ಕಳೆಯದಿದ್ದರೆ ಇಷ್ಟು ಸಣ್ಣ ಲೆಕ್ಕದಲ್ಲಿ ಹತ್ತು ಪರ್ಸೆಂಟ್ ತಪ್ಪು ಸೇರಿಬಿಡುತ್ತದೆ.

ಸುತ್ತುಗಳು ಒಂದಕ್ಕೊಂದು ತಾಗದಂತೆ ತಂತಿಯ ದಪ್ಪದಷ್ಟೇ ಸಂದು ಬಿಡುತ್ತೇನೆ. ಸುರುಳಿ ಆಗ ಒಂಬತ್ತೂವರೆ ಮಿಮೀ ಅಗಲ ಬರುತ್ತದೆ. ತಾಗಿದ ಸುತ್ತುಗಳ ನಡುವೆ ಕರೆಂಟು ಅಡ್ಡದಾರಿ ಹಿಡಿಯುತ್ತದೆ. ಒಂದು ಕಡೆ ಕೆಂಡ, ಇನ್ನೊಂದು ಕಡೆ ತಣ್ಣಗೆ. ಬತ್ತಿ ಹಾಕುವ ಮೊದಲು ಕತ್ತಲಲ್ಲಿ ಒಂದೊಂದು ಸೆಕೆಂಡು ಕರೆಂಟು ಕೊಟ್ಟು ನೋಡಿ. ಕೆಂಪು ನಡುವಿನಿಂದ ಹುಟ್ಟಿ ಎರಡೂ ಬದಿಗೆ ಸಮನಾಗಿ ಹರಡಬೇಕು. ಎಲ್ಲಾದರೂ ಒಂದು ಚುಕ್ಕೆ ಹೆಚ್ಚು ಹೊಳೆದರೆ ಪ್ಲಗ್ ಕಿತ್ತು, ತಣಿಯಲು ಬಿಟ್ಟು, ಬಿದಿರು ಕಡ್ಡಿಯಿಂದ ಆ ಸುತ್ತುಗಳನ್ನು ಸರಿಸಬೇಕು.

ಬಾಟಲಿ 250 ಮಿಲಿಯ ಅಗಲ ಬಾಯಿಯ ಗಾಜಿನದು, ಒಳ ಅಗಲ 60 ಮಿಮೀ. ತಗಡಿನ ಮುಚ್ಚಳದ ನಡುಭಾಗ ಕತ್ತರಿಸಿ ತೆಗೆದು, ಅಲ್ಲಿ 3 ಮಿಮೀ ಹೈಲಂ (ಕರೆಂಟು ಹರಿಯದ ಗಟ್ಟಿ ಹಾಳೆ) ಬಿಲ್ಲೆ ಕೂರಿಸಿದೆ. ತಗಡಿಗೇ ತೂತು ಮಾಡಿ ಕರೆಂಟಿನ ಕಡ್ಡಿ ಇಳಿಸಿದರೆ ಎರಡೂ ಕಡ್ಡಿ ಶಾರ್ಟ್ ಆಗುತ್ತವೆ. ಹೈಲಂನಲ್ಲಿ 18 ಮಿಮೀ ಅಂತರಕ್ಕೆ ಎರಡು 3 ಮಿಮೀ ಹಿತ್ತಾಳೆ ಕಡ್ಡಿ, ಗಾಳಿ ಒಳಬರಲು 6 ಮಿಮೀ ಕೊಳವೆ, ಮಂಜು ಹೊರಹೋಗಲು 10 ಮಿಮೀ ಕೊಳವೆ. ಎಲ್ಲದರ ಸಂದಿಗೂ ಎಪಾಕ್ಸಿ ಅಂಟು. ಕಡ್ಡಿಗಳ ಕೆಳತುದಿಗೆ ವೈರಿಂಗ್ ಕನೆಕ್ಟರಿನ ಪ್ಲಾಸ್ಟಿಕ್ ಕಿತ್ತು ಒಳಗಿನ ಹಿತ್ತಾಳೆ ಕೊಳವೆ ಸಿಕ್ಕಿಸಿದರೆ ಆಯಿತು. ಅದರಲ್ಲಿ ಎರಡೆರಡು ಸ್ಕ್ರೂ ಇರುತ್ತವೆ, ಒಂದು ಕಡ್ಡಿಯನ್ನು ಹಿಡಿಯುತ್ತದೆ, ಇನ್ನೊಂದು ಸುರುಳಿಯ ಕಾಲನ್ನು. ಬೆಸುಗೆಯ ಯೋಚನೆ ಬೇಡ, ನೈಕ್ರೋಮಿಗೆ ಸಾಮಾನ್ಯ ಸೀಸದ ಬೆಸುಗೆ ಹಿಡಿಯುವುದಿಲ್ಲ. ಸುರುಳಿ ಬಾಟಲಿಯ ತಳದಿಂದ 30 ಮಿಮೀ ಮೇಲಿರಬೇಕು.

ದ್ರವ ತೀರ ಸರಳ, ಆದರೆ ಹೆಚ್ಚು ಜನ ಎಡವುವುದು ಇಲ್ಲೇ. ಔಷಧಿ ಅಂಗಡಿಯ ಐಪಿ (ಇಂಡಿಯನ್ ಫಾರ್ಮಕೋಪಿಯಾ) ದರ್ಜೆಯ ಶುದ್ಧ ಗ್ಲಿಸರಿನ್ 70 ಗ್ರಾಂ, ಡಿಸ್ಟಿಲ್ಡ್ ವಾಟರ್ 30 ಗ್ರಾಂ, ತೂಕದಲ್ಲಿ. ನೀರು ಬೆರೆಸದೆ ಹಾಕಿದರೆ ಹೊಗೆ ದಟ್ಟವಾಗಿ ಬರುತ್ತದೆ ಎಂದು ಅನ್ನಿಸುವುದು ಸಹಜ. ಆದರೆ ಬರಿ ಗ್ಲಿಸರಿನ್ ಜೇನಿನಂತೆ ಮಂದ, ಬತ್ತಿಯಲ್ಲಿ ತೀರ ನಿಧಾನವಾಗಿ ಏರುತ್ತದೆ. ನೂರಕ್ಕೆ ಮೂವತ್ತು ನೀರು ಬಿದ್ದರೆ ಅದರ ಮಂದತನ ಸುಮಾರು ಅರವತ್ತರಲ್ಲಿ ಒಂದು ಪಾಲಿಗಿಳಿಯುತ್ತದೆ. ಇನ್ನೊಂದು ಲಾಭವೂ ಉಂಟು. ಬರಿ ಗ್ಲಿಸರಿನ್ ಕುದಿಯುವುದು 290 ಡಿಗ್ರಿಯಲ್ಲಿ, ಈ ಮಿಶ್ರಣ ಕುದಿಯಲು ಶುರುವಾಗುವುದು 114ರ ಆಸುಪಾಸಿನಲ್ಲಿ. ನೀರಿರುವವರೆಗೆ ತಂತಿಯ ಬಿಸಿ ಹತೋಟಿಯಲ್ಲಿರುತ್ತದೆ. ಬತ್ತಿ ಒಣಗಿದ ಕ್ಷಣ ಬಿಸಿ ನೆಗೆಯುತ್ತದೆ, ಗ್ಲಿಸರಿನ್ ಒಡೆದು ಅಕ್ರೋಲಿನ್ ಎಂಬ ಅನಿಲ ಹುಟ್ಟುತ್ತದೆ. ಒಲೆಯ ಮೇಲೆ ಎಣ್ಣೆ ಸೀದಾಗ ಕಣ್ಣು ಉರಿಸುವ ಘಾಟು ಅದೇ. ಆ ಘಾಟು ಬಂದರೆ ತಕ್ಷಣ ನಿಲ್ಲಿಸಿ, ಕಿಟಕಿ ತೆಗೆಯಿರಿ. ಕೊಬ್ಬರಿ ಎಣ್ಣೆ, ಅತ್ತರು, ಗಂಧದೆಣ್ಣೆ ಒಂದು ಹನಿಯೂ ಸೇರಿಸಬೇಡಿ. ಎಣ್ಣೆಗಳು ಮಂಜಾಗದೆ ಹೊಗೆಯಾಗುತ್ತವೆ, ಹೊತ್ತಿಕೊಳ್ಳಲೂಬಹುದು. ಪರಿಮಳ ಬೇಕಾದರೆ ಮಲ್ಲಿಗೆ ಇದೆಯಲ್ಲ.

ಬತ್ತಿಯ ವಿಷಯಕ್ಕೆ ಹೆಚ್ಚು ಹೊತ್ತು ಕೊಡಬೇಕು, ಏಕೆಂದರೆ ಮಂಜು ಸರಿ ಬರದಿದ್ದಾಗ ಎಲ್ಲರ ಕೈ ಮೊದಲು ಹೋಗುವುದು ಗಾಳಿಯ ತಿರುಪಿಗೆ, ತಪ್ಪು ಇರುವುದು ಬತ್ತಿಯಲ್ಲಿ. ಹೂಬತ್ತಿಗೆ, ಗೆಜ್ಜೆವಸ್ತ್ರಕ್ಕೆ ಬಳಸುವ ಹತ್ತಿ ಇದಕ್ಕಾಗದು. ಕಚ್ಚಾ ಹತ್ತಿಯ ಎಳೆಯ ಮೇಲೆ ಹುಟ್ಟಾ ಮೇಣವಿರುತ್ತದೆ. ದೀಪದ ಎಣ್ಣೆಯನ್ನು ಅದು ಚೆನ್ನಾಗಿ ಹೀರುತ್ತದೆ, ನೀರು ಬೆರೆತ ದ್ರವವನ್ನು ತಳ್ಳುತ್ತದೆ. ಔಷಧಿ ಅಂಗಡಿಯ ಸರ್ಜಿಕಲ್ ಹತ್ತಿಯಲ್ಲಿ ಆ ಮೇಣ ತೆಗೆದಿರುತ್ತಾರೆ. ಒಂದು ಚೂರು ನೀರಿನ ಮೇಲೆ ಹಾಕಿ ನೋಡಿ: ಸರಿಯಾದದ್ದು ಕೆಲವೇ ಸೆಕೆಂಡಿನಲ್ಲಿ ಮುಳುಗುತ್ತದೆ, ಕಚ್ಚಾ ಹತ್ತಿ ತೇಲುತ್ತಲೇ ಇರುತ್ತದೆ.

ಎಳೆಗಳು ಉದ್ದುದ್ದಕ್ಕೆ ಬರುವಂತೆ 10 ಸೆಂಮೀ ಪಟ್ಟಿ ಎಳೆದುಕೊಂಡು, ಒಂದು ತುದಿ ಹೊಸೆದು ಸುರುಳಿಯೊಳಗೆ ತೂರಿಸಿ. ಎಳೆಯುವಾಗ ಕೈಗೆ ಸ್ವಲ್ಪ ತಡೆ ಸಿಗಬೇಕು, ಆದರೆ ಸುರುಳಿ ಅದರ ಜತೆ ವಾಲಬಾರದು. ಬಿಗಿಯಾದರೆ ಎಳೆಗಳ ನಡುವಿನ ಸಂದು ಮುಚ್ಚಿ ದ್ರವ ಏರುವುದಿಲ್ಲ, ನಡುಭಾಗ ಕಪ್ಪಾಗುತ್ತದೆ. ಸಡಿಲವಾದರೆ ತಂತಿಗೂ ಹತ್ತಿಗೂ ನಡುವೆ ದ್ರವದ ಹನಿ ನಿಂತು, ಒಗ್ಗರಣೆಯ ಸಾಸಿವೆಯ ಹಾಗೆ ಚಟಪಟ ಸಿಡಿಯುತ್ತದೆ. ತೂರಿಸಿದ ಮೇಲೆ ಹೊಸೆದ ತುದಿ ಕತ್ತರಿಸಿ, ಎರಡೂ ಬಾಲಗಳನ್ನು ಸೂಜಿಯಿಂದ ಬಿಡಿಸಿ ಸಡಿಲ ಮಾಡಿ, 35 ಮಿಮೀ ಉದ್ದಕ್ಕೆ ಬಿಡಿ. ಅವು ತಳ ಮುಟ್ಟಬೇಕು, ತಳದಲ್ಲಿ ಮುದ್ದೆಯಾಗಬಾರದು.

ದ್ರವ ತುಂಬುವುದು 15 ಮಿಮೀ ಎತ್ತರಕ್ಕೆ. ಅಲ್ಲಿಂದ ಸುರುಳಿಗೆ 15 ಮಿಮೀ ಏರಬೇಕು. ಮಟ್ಟ 5 ಮಿಮೀಗೆ ಇಳಿದಾಗ 25 ಮಿಮೀ ಏರಬೇಕಾಗುತ್ತದೆ, ಆಗ ತಂತಿ ಬೇಡುವಷ್ಟು ವೇಗಕ್ಕೆ ಬತ್ತಿ ಕೊಡಲಾರದು. ಅದಕ್ಕೇ 5 ಮಿಮೀ ಗುರುತಿಗೆ ಬಾಟಲಿಯ ಹೊರಗೆ ಕೆಂಪು ಟೇಪು ಸುತ್ತಿದ್ದೇನೆ, ಅದರ ಕೆಳಗೆ ಓಡಿಸುವುದಿಲ್ಲ. ಹೊಸ ಬತ್ತಿ ಹಾಕಿದಾಗ ಸುರುಳಿಯ ಮೇಲೆ ನಾಲ್ಕೈದು ಹನಿ ಬಿಟ್ಟು, ಹತ್ತು ನಿಮಿಷ ನೆನೆಯಲು ಬಿಟ್ಟೇ ಕರೆಂಟು ಕೊಡಬೇಕು.

ಕರೆಂಟಿಗೆ 5 ವೋಲ್ಟ್ 3 ಆಂಪಿಯರ್ ಅಡಾಪ್ಟರ್, ಸಾಲಿನಲ್ಲಿ 3 ಆಂಪಿಯರ್ ಫ್ಯೂಸು, ಆನ್-ಆಫ್ ತಾನಾಗಿ ಮಾಡುವ ಸೈಕ್ಲಿಕ್ ಟೈಮರ್ ರಿಲೇ. 6 ಸೆಕೆಂಡು ಆನ್, 24 ಸೆಕೆಂಡು ಆಫ್. ಸದಾ ಆನ್ ಇಟ್ಟರೆ ಬತ್ತಿ ಒಣಗುತ್ತದೆ. ಈ 24 ಸೆಕೆಂಡು ಹತ್ತಿ ಮತ್ತೆ ತುಂಬಿಕೊಳ್ಳುವ ಸಮಯ. ಈ ಲೆಕ್ಕದಲ್ಲಿ ಗಂಟೆಗೆ ಸುಮಾರು 3 ಗ್ರಾಂ ದ್ರವ ಖರ್ಚಾಗುತ್ತದೆ, ಒಮ್ಮೆ ತುಂಬಿದರೆ ಮೂರು ನಾಲ್ಕು ಸಂಜೆ ಧಾರಾಳ. ಸಣ್ಣ ಮೊಬೈಲ್ ಕೇಬಲ್ ಕತ್ತರಿಸಿ ಜೋಡಿಸಬೇಡಿ. ಅದರಲ್ಲಿ ಅರ್ಧ ವೋಲ್ಟ್ ಬಿದ್ದುಹೋದರೆ 10 ವ್ಯಾಟ್ 8ಕ್ಕೆ ಇಳಿಯುತ್ತದೆ, ಮಂಜು ಸಪ್ಪೆಯಾಗುತ್ತದೆ, ಕಾರಣವೇ ಗೊತ್ತಾಗುವುದಿಲ್ಲ.

ಇನ್ನು ಗಾಳಿ. ಮೊದಲು 5 ವೋಲ್ಟಿನ ಪುಟ್ಟ ಫ್ಯಾನ್ ಇಟ್ಟಿದ್ದೆ. ತೆರೆದ ಜಾಗದಲ್ಲಿ ಅದು ಚೆನ್ನಾಗಿ ಬೀಸುತ್ತದೆ, ಕೊಳವೆಗೆ ತಳ್ಳುವ ಒತ್ತಡ ಅದಕ್ಕಿಲ್ಲ. ಮೀನಿನ ತೊಟ್ಟಿಯ ಗಾಳಿ ಪಂಪು ಇದಕ್ಕೆ ಹೇಳಿ ಮಾಡಿಸಿದ್ದು. ನಿಮಿಷಕ್ಕೆ 3 ಲೀಟರ್ ಕೊಡುವ ಸಣ್ಣದು ಸಾಕು. ಪಂಪಿನ ಕೊಳವೆಗೆ ಎರಡು ದಾರಿಯ ವಾಲ್ವ್ ಹಾಕಿ: ಒಂದು ದಾರಿ ಬಾಟಲಿಗೆ, ಇನ್ನೊಂದು ಹೊರಗೆ. ಬಾಟಲಿಗೆ ಕಡಿಮೆ ಬೇಕಾದಾಗ ಮಿಕ್ಕಿದ್ದನ್ನು ಹೊರಗೆ ಬಿಡಬೇಕು. ಇರುವ ಒಂದೇ ದಾರಿ ಬಿಗಿದರೆ ಪಂಪಿನ ರಬ್ಬರ್ ಬೇಗ ಹರಿಯುತ್ತದೆ. ವಾಲ್ವಿನ ಆಚೆ, ಬಾಟಲಿಯ ಕಡೆಗೆ, ಗಾಳಿಯನ್ನು ಒಂದೇ ದಿಕ್ಕಿಗೆ ಬಿಡುವ ಚೆಕ್ ವಾಲ್ವ್ ಇದ್ದರೆ ಮಂಜು ಹಿಂದಕ್ಕೆ ಬಂದು ಪಂಪು ಜಿಗುಟಾಗುವುದಿಲ್ಲ.

ಗಾಳಿಯ ಕೊಳವೆ ಸುರುಳಿಯ ಕೆಳಗೆ ಬಂದು ಮೇಲ್ಮುಖವಾಗಿ ಊದಬೇಕು, ತುದಿ ಸುರುಳಿಗೆ 5 ಮಿಮೀ ದೂರ. ಪಕ್ಕದಿಂದ ಊದಿದರೆ ಆ ಬದಿ ತಣಿಯುತ್ತದೆ, ಎದುರು ಬದಿಯ ಹತ್ತಿ ಸೀಯುತ್ತದೆ. ತುದಿ ದ್ರವದಲ್ಲಿ ಮುಳುಗಿದರೆ ಗೊಳಗೊಳ ಸದ್ದಾಗಿ ಹನಿಗಳು ಹೊರಕೊಳವೆಗೆ ಹಾರುತ್ತವೆ.

ಗಾಳಿ ಎಷ್ಟು ಎಂದು ಕಣ್ಣಂದಾಜು ಬೇಡ. ಬಕೆಟ್ಟಿನ ನೀರಿನಲ್ಲಿ 500 ಮಿಲಿ ಬಾಟಲಿಯನ್ನು ತುಂಬಿ ತಲೆಕೆಳಗೆ ಹಿಡಿದು, ಕೊಳವೆಯ ಗಾಳಿ ಒಳಗೆ ಬಿಡಿ. 60 ಸೆಕೆಂಡಿನಲ್ಲಿ ಖಾಲಿಯಾದರೆ ನಿಮಿಷಕ್ಕೆ ಅರ್ಧ ಲೀಟರ್, 15 ಸೆಕೆಂಡಿನಲ್ಲಾದರೆ 2 ಲೀಟರ್. ಆ ಎರಡು ಜಾಗಗಳನ್ನು ವಾಲ್ವಿನ ಮೇಲೆ ಗೀಟು ಹಾಕಿಕೊಂಡಿದ್ದೇನೆ.

ಅರ್ಧ ಲೀಟರಿನದು ಯಜ್ಞಕುಂಡದ ಗೊಂಬೆಗೆ. ಬಾಟಲಿಯ ಒಳಗಿನ ಮಂಜು ಪೂರ್ತಿ ಹೊರಬರಲು ಸುಮಾರು ಅರ್ಧ ನಿಮಿಷ ಹಿಡಿಯುತ್ತದೆ, ಅಷ್ಟರಲ್ಲಿ ಟೈಮರ್ ಮತ್ತೆ ಆನ್ ಆಗಿರುತ್ತದೆ. ಹೀಗಾಗಿ ಹೊಗೆ ಕಡಿಯದೆ ದಟ್ಟವಾಗಿ, ಬೆಚ್ಚಗೆ, ನಿಧಾನವಾಗಿ ಮೇಲೇಳುತ್ತದೆ. ಇದಕ್ಕಿಂತ ಕಡಿಮೆ ಮಾಡಿದರೆ ಮಂಜು ಮುಚ್ಚಳದಲ್ಲೇ ಹನಿಗಟ್ಟಿ ಉಳಿದುಬಿಡುತ್ತದೆ.

2 ಲೀಟರಿನದು ಬೆಟ್ಟಕ್ಕೆ. ಇಲ್ಲಿ ಮಂಜು ಅಲೆ ಅಲೆಯಾಗಿ ಬರುತ್ತದೆ, ಬೆಟ್ಟಕ್ಕೆ ಅದೇ ಚೆಂದ. ಆದರೆ ಬೆಚ್ಚಗಿದ್ದರೆ ಇಳಿಯುವುದಿಲ್ಲ. ಫ್ರಿಜ್ ರಿಪೇರಿಯವರ ಹತ್ತಿರ ಸಿಗುವ 3/8 ಇಂಚಿನ ತಾಮ್ರದ ಪೈಪು ಒಂದು ಮೀಟರ್ ತಂದು ಸುರುಳಿ ಮಾಡಿ, ಐಸು ತುಂಬಿದ ಸ್ಟೀಲ್ ಡಬ್ಬಿಯಲ್ಲಿ ಇಟ್ಟು, ಮಂಜನ್ನು ಅದರ ಮೂಲಕ ಹಾಯಿಸಿದೆ. ತಣ್ಣಗಾದ ಮಂಜು ಸುತ್ತಲ ಗಾಳಿಗಿಂತ ಭಾರ. ನಂದಿಯ ಮೇಲಿಂದ ಮೆಟ್ಟಿಲುಗುಂಟ ಇಳಿದು ರಾಗಿ ಪೈರಿನಲ್ಲಿ ನಿಲ್ಲುತ್ತದೆ. ಪೈಪಿನಲ್ಲಿ ಸ್ವಲ್ಪ ಮಂಜು ಹನಿಯಾಗುವುದು ತಪ್ಪದು, ಹಾಗಾಗಿ ಸುರುಳಿಯನ್ನು ಒಂದೇ ಕಡೆ ಇಳಿಜಾರಾಗಿಟ್ಟು, ಕೆಳತುದಿಯಲ್ಲಿ ಟಿ ಆಕಾರದ ಜೋಡಣೆ ಹಾಕಿ ಸಣ್ಣ ಸೀಸೆ ತೂಗುಬಿಡಬೇಕು. ಇಲ್ಲದಿದ್ದರೆ ದ್ರವ ಪೈಪಿನ ಬಾಗಿನಲ್ಲಿ ಕಟ್ಟಿ, ಮಂಜು ಬುಡುಬುಡು ಎಂದು ಉಗುಳಿದಂತೆ ಬರುತ್ತದೆ. 2 ಲೀಟರ್ ದಾಟಿದರೆ ಪ್ರಯೋಜನವಿಲ್ಲ. ತಂತಿ ತಣಿಯುತ್ತದೆ, ಮಂಜು ತೆಳುವಾಗಿ ಕಣ್ಣಿಗೇ ಕಾಣದು.

ಗೊಂಬೆಗಳ ಬಗ್ಗೆ ಎಚ್ಚರ ಬೇಕು. ಗ್ಲಿಸರಿನ್ ಮಂಜು ಬಿದ್ದಲ್ಲಿ ತೆಳು ಜಿಗುಟು ಉಳಿಯುತ್ತದೆ, ಅದರ ಮೇಲೆ ಧೂಳು ಕೂರುತ್ತದೆ. ಚನ್ನಪಟ್ಟಣದ ಅರಗಿನ ಗೊಂಬೆಗಳ ಹೊಳಪು ತೇವಕ್ಕೆ ಬಿಳಿಚುತ್ತದೆ. ಪಟ್ಟದ ಗೊಂಬೆಗಳ ರೇಷ್ಮೆಗೂ ಅದು ತಾಗಬಾರದು. ಮಂಜಿನ ಬಾಯಿಯಿಂದ ದೂರ, ಅವನ್ನು ಮೇಲಿನ ಮೆಟ್ಟಿಲಲ್ಲೇ ಇಟ್ಟು, ಸಂಜೆ ಆರತಿಯ ಹೊತ್ತು, ನೋಡಲು ಜನ ಬರುವ ಹೊತ್ತು ಮಾತ್ರ ಓಡಿಸುತ್ತೇನೆ, ಒಂದು ಕಿಟಕಿ ತೆರೆದಿಟ್ಟು. ಮನೆಯಲ್ಲಿ ಉಬ್ಬಸ ಇರುವವರು, ಹಸುಗೂಸು ಇದ್ದರೆ ಆ ಕೋಣೆಯಲ್ಲಿ ಓಡಿಸಲೇಬಾರದು.

ಎರಡು ಮೂರು ಸಂಜೆಗೊಮ್ಮೆ ಬತ್ತಿ ನೋಡಿ. ಕಂದು ಬಣ್ಣಕ್ಕೆ ತಿರುಗಿದ್ದರೆ ಬದಲಿಸಿ, ಐದು ನಿಮಿಷದ ಕೆಲಸ. ಹಳೆಯ ಬತ್ತಿ ಎಳೆದು ತೆಗೆದ ಮೇಲೆ ಬರಿ ತಂತಿಗೆ ಒಂದೊಂದು ಸೆಕೆಂಡಿನಂತೆ ಮೂರು ನಾಲ್ಕು ಬಾರಿ ಕರೆಂಟು ಕೊಟ್ಟರೆ ಕಟ್ಟಿದ ಕರಿ ಉರಿದುಹೋಗುತ್ತದೆ. ತಣಿದ ಮೇಲೆ ಹಳೆ ಹಲ್ಲುಜ್ಜುವ ಬ್ರಶ್ಶಿನಲ್ಲಿ ಉಜ್ಜಿ, ಮತ್ತೆ ರೋಧ ಅಳೆಯಿರಿ. 2.5 ಇದ್ದದ್ದು 3 ದಾಟಿದ್ದರೆ ಕಾಲಿನ ಸ್ಕ್ರೂ ಸಡಿಲವಾಗಿದೆ, ಇಲ್ಲವೇ ತಂತಿ ಸವೆದಿದೆ. ವಿಜಯದಶಮಿ ಮುಗಿದು ಗೊಂಬೆ ಎತ್ತಿಡುವಾಗ ದ್ರವ ಚೆಲ್ಲಿ, ಬತ್ತಿ ಕಿತ್ತು, ಬಾಟಲಿ ಮತ್ತು ತಾಮ್ರದ ಪೈಪನ್ನು ಬಿಸಿನೀರಿನಲ್ಲಿ ತೊಳೆದು, ಪಂಪಿನ ಗಾಳಿಯಲ್ಲೇ ಒಣಗಿಸಿ ಇಡುತ್ತೇನೆ. ಹಸಿ ಬತ್ತಿ ಒಳಗೇ ಬಿಟ್ಟರೆ ಹಿತ್ತಾಳೆ ಸ್ಕ್ರೂಗಳಿಗೆ ಹಸಿರು ಕಿಲುಬು ಹತ್ತಿ, ಮುಂದಿನ ವರ್ಷ ಬಿಚ್ಚಲು ಬರುವುದಿಲ್ಲ.