ಬೇಸ್‌ಮೆಂಟ್ ನೀರಿಗೆ ನಾನು ದಾರಿ ಮಾಡಿಕೊಟ್ಟಿದ್ದು ಹೀಗೆ

ಎರಡು ಮಳೆಗಾಲ ಬೇಸ್‌ಮೆಂಟ್ ಗೋಡೆಗೆ ಒಳಗಿನಿಂದ ವಾಟರ್‌ಪ್ರೂಫ್ ಪೇಂಟ್ ಬಳಿದೆ. ಎರಡು ಸಲವೂ ಗುಳ್ಳೆ ಎದ್ದು ಉದುರಿತು. ಹೊರಗಿನ ಮಣ್ಣು ನೀರು ಕುಡಿದು ಗೋಡೆಯನ್ನು ಒತ್ತುತ್ತಿರುವಾಗ ಪೇಂಟ್ ಎಷ್ಟು ದಿನ ತಡೆದೀತು?

ಮೂರನೇ ಸಲ ಬ್ರಷ್ ಹಿಡಿಯಲಿಲ್ಲ. ಗೋಡೆಗೆ ಪ್ಲಾಸ್ಟಿಕ್ ಹಾಳೆ ಇಟ್ಟು ಸುತ್ತ ಟೇಪ್ ಅಂಟಿಸಿದೆ. ಎರಡು ದಿನ ಬಿಟ್ಟು ನೋಡಿದರೆ ಹಾಳೆಯ ಹಿಂದೆ ಹನಿ. ಕೋಣೆಯ ಕಡೆ ಹನಿ ಕಟ್ಟಿದ್ದರೆ ಅದು ಗಾಳಿಯ ತೇವ, ಹಿಂದೆ ಇದ್ದರೆ ಗೋಡೆಯಿಂದ ಬಂದದ್ದು. ಜೋರು ಮಳೆಗೆ ಗೋಡೆ ಮತ್ತು ನೆಲ ಸೇರುವ ಸಂದಿಯಲ್ಲೂ ಒರತೆಯ ಹಾಗೆ ನೀರು ಏಳುತ್ತಿತ್ತು.

ಮೊದಲು ಸೂರಿನ ನೀರನ್ನು ಪೈಪಿನಲ್ಲಿ ದೂರ ಸಾಗಿಸಿದೆ. ಮನೆ ಸುತ್ತ ಮಣ್ಣು ಏರಿಸಿ ಇಳಿಜಾರು ಹೊರಕ್ಕೆ ಮಾಡಿದೆ. ಒಳಗೆ ಒಡೆಯುವ ಮೊದಲು ಇಷ್ಟು ಮಾಡಲೇಬೇಕು. ನೀರು ಕಡಿಮೆಯಾಯಿತು, ಆದರೆ ನಿಲ್ಲಲಿಲ್ಲ.

ಆಮೇಲೆ ಒಳಗೆ ಬರುವ ನೀರನ್ನು ಹಿಡಿದು ಸಾಗಿಸುವ ಕಾಲುವೆಗೆಂದು, ಗೋಡೆಯ ಉದ್ದಕ್ಕೂ ಒಂದಡಿ ಅಗಲ ನೆಲದ ಕಾಂಕ್ರೀಟ್ ಒಡೆದೆವು. ನೀರು ಚಿಮುಕಿಸುತ್ತಾ, ಮಾಸ್ಕ್ ಹಾಕಿಕೊಂಡೇ ಒಡೆಯಿರಿ, ಆ ಧೂಳು ಶ್ವಾಸಕೋಶಕ್ಕೆ ಕೆಟ್ಟದ್ದು. ಕಾಲುವೆಯನ್ನು ಫುಟಿಂಗ್, ಅಂದರೆ ಗೋಡೆ ಹೊತ್ತ ಅಡಿಪಾಯದ ಪಕ್ಕದಲ್ಲಿ ತೋಡಬೇಕು, ಅದರ ತಳಕ್ಕಿಂತ ಕೆಳಗೆ ಇಳಿಯಲೇಬಾರದು. ಇಳಿದರೆ ಮನೆ ಹೊತ್ತ ಮಣ್ಣೇ ಸಡಿಲವಾಗುತ್ತದೆ. ಗೋಡೆಯ ಬುಡ ಒಳಕ್ಕೆ ಜಾರದಂತೆ ಹಿಡಿದಿರುವುದು ಆ ನೆಲವೇ. ಹಾಗಾಗಿ ಇಂಜಿನಿಯರ್ ಹತ್ತಿರ ಕೇಳಿ, ತುಂಡು ತುಂಡಾಗಿ ಒಡೆದೆವು.

ನಮ್ಮದು ಹಾಲೋ ಬ್ಲಾಕ್ ಗೋಡೆ, ಬ್ಲಾಕಿನ ಒಳಗೆಲ್ಲ ಟೊಳ್ಳು. ಅದರೊಳಗಿನ ನೀರು ಕಾಲುವೆಗೆ ಇಳಿಯಲೆಂದು ಕೆಳಸಾಲಿನ ಬ್ಲಾಕುಗಳಿಗೆ ತೂತು ಹಾಕಿದ ಕೂಡಲೇ ಒಳಗೆ ನಿಂತಿದ್ದ ಕಂದು ನೀರು ಸುರಿಯಿತು. ಇಷ್ಟು ದಿನ ಗೋಡೆ ಇದನ್ನೆಲ್ಲ ಹೊತ್ತು ನಿಂತಿತ್ತಲ್ಲ ಅನ್ನಿಸಿತು.

ಕಾಲುವೆಗೆ ಫಿಲ್ಟರ್ ಬಟ್ಟೆ ಹಾಸಿ, ತೊಳೆದ ಜಲ್ಲಿ ಹಾಕಿ, 4 ಇಂಚಿನ ತೂತು ಪೈಪನ್ನು ತೂತು ಕೆಳಮುಖವಾಗಿ ಇಟ್ಟೆ. ತೂತು ಕೆಳಗಿದ್ದರೆ ಏರುವ ನೀರು ಬೇಗ ಪೈಪು ಸೇರುತ್ತದೆ. ಮೀಟರಿಗೆ 1 ಸೆಂಟಿಮೀಟರ್ ಇಳಿಜಾರು. ರಸಮಟ್ಟ ಹಿಡಿದು ಹಿಡಿದು ಇದಕ್ಕೇ ಜಾಸ್ತಿ ಹೊತ್ತು ಹೋಯಿತು. ಗೋಡೆಗೆ ಉಬ್ಬು ಉಬ್ಬಿರುವ ಪ್ಲಾಸ್ಟಿಕ್ ಹಾಳೆ ಹೊಡೆದು ಅದರ ತುದಿಯನ್ನು ಕಾಲುವೆಗೆ ಇಳಿಸಿದೆ. ಪೈಪು ತೊಳೆಯಲು ಮೂಲೆಯಲ್ಲೊಂದು ಬಾಯಿ ಬಿಟ್ಟು, ಜಲ್ಲಿ ತುಂಬಿ, ಬಟ್ಟೆ ಮಡಚಿ, ಮೇಲೆ ಕಾಂಕ್ರೀಟ್ ಹಾಕಿದೆವು.

ಪೈಪು ಮುಗಿಯುವಲ್ಲಿ ಮುಚ್ಚಳವಿರುವ ಗುಂಡಿ, ಅದರಲ್ಲಿ ಫ್ಲೋಟ್ ಸ್ವಿಚ್ಚಿನ ಪಂಪು, ನೀರಿನ ಜೊತೆ ತೇಲಿ ಏಳುವ ಫ್ಲೋಟ್ ಪಂಪನ್ನು ತಾನೇ ಶುರು ಮಾಡುತ್ತದೆ. ಮೇಲೇರಿದ ನೀರು ವಾಪಸ್ ಬರದಂತೆ ನಾನ್ ರಿಟರ್ನ್ ವಾಲ್ವ್. ಮಳೆಯ ರಾತ್ರಿಯೇ ಕರೆಂಟು ಹೋಗುವುದು ಅಲ್ವಾ? ಅದಕ್ಕೆ ಬ್ಯಾಟರಿಯ ಇನ್ನೊಂದು ಪಂಪು ಇಟ್ಟೆ.

ಒಂದು ತಪ್ಪು ಮಾಡಿದ್ದೆ. ಹೊರಗಿನ ಪೈಪನ್ನು ಗೋಡೆ ಹತ್ತಿರವೇ ಬಿಟ್ಟಿದ್ದೆ. ಎತ್ತಿದ ನೀರೇ ಮಣ್ಣಲ್ಲಿ ಇಂಗಿ ಮತ್ತೆ ಗುಂಡಿಗೆ ಬರುತ್ತಿತ್ತು, ಪಂಪಿಗೆ ಬಿಡುವೇ ಇಲ್ಲ. ಮೂರು ಮೀಟರ್‌ಗಿಂತ ಆಚೆ, ಇಳಿಜಾರಿನ ಕಡೆಗೆ ಒಯ್ದ ಮೇಲೆ ಸರಿಹೋಯಿತು.

ಈಗ ಮಳೆಗಾಲಕ್ಕೆ ಮುಂಚೆ ಗುಂಡಿಯ ಮುಚ್ಚಳ ತೆಗೆದು ಕೆಸರು ಎತ್ತಿ ಹಾಕುತ್ತೇನೆ. ಫ್ಲೋಟ್ ಏಳುವವರೆಗೆ ಬಕೆಟ್‌ನಲ್ಲಿ ನೀರು ಸುರಿದು, ಪಂಪು ತಾನಾಗಿ ಶುರುವಾಗುವುದನ್ನು ನೋಡಿಯೇ ಮುಚ್ಚುತ್ತೇನೆ.